ಸಾವಿರ ಫ್ರಾಂಕಿನ ಬೆನ್ನ ಮೇಲೆ ಮೂರು ಇರುವೆ

"ಮುಖ ಆಮೇಲೆ ನೋಡೀಯಂತೆ, ಮೊದಲು ಬೆನ್ನು ನೋಡು" ಎಂದು ಹೇಳಿ, ಹಳೆಯ ನೋಟು ಕೂಡಿಸುವ ಹಿರಿಯರೊಬ್ಬರು ಒಂದು ನೋಟನ್ನು ತಿರುಗಿಸಿ ನನ್ನ ಮುಂದಿಟ್ಟರು. ನೇರಳೆ ಬಣ್ಣದ ದೊಡ್ಡ ನೋಟು. ಉದ್ದ 192 ಮಿ.ಮೀ., ಅಗಲ 86. ಅಡ್ಡಲಾಗಿ ನೋಡಿದರೆ ಚಿತ್ರ ಮಲಗಿಬಿಡುತ್ತದೆ, ನೆಟ್ಟಗೆ ನಿಲ್ಲಿಸಿಯೇ ಹಿಡಿಯಬೇಕು. ಹಾಗೆ ಹಿಡಿದು ಭೂತಗನ್ನಡಿ ಇಟ್ಟಾಗ ಕಂಡದ್ದು ಮೂರು ಇರುವೆಗಳು, ಜೊತೆಗೆ ಸೀಳಿ ತೋರಿಸಿದ ಇರುವೆಗೂಡು. ಒಂದು ದೇಶ ತನ್ನ ಅತಿ ಬೆಲೆಯುಳ್ಳ ನೋಟಿನ ಮೇಲೆ ಇರುವೆಯನ್ನು ಅಚ್ಚುಹಾಕಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಸ್ವಿಟ್ಜರ್ಲೆಂಡಿನ ಹಳೆಯ ಸಾವಿರ ಫ್ರಾಂಕಿನ ಆ ನೋಟು ಅಲ್ಲಿ ಚಲಾವಣೆಗೆ ಬಂದದ್ದು 1978ರಲ್ಲಿ.

ಮುಂಬದಿಯಲ್ಲಿರುವ ಗಡ್ಡದ ಮುದುಕ ಆಗಸ್ಟ್ ಫೊರೆಲ್ (1848–1931). ವೃತ್ತಿಯಲ್ಲಿ ಮನೋವೈದ್ಯ, ಜ್ಯೂರಿಕ್‌ನ ಬುರ್ಗ್‌ಹೋಲ್ಜ್ಲಿ ಮಾನಸಿಕ ಆಸ್ಪತ್ರೆಯನ್ನು ಸುಮಾರು ಇಪ್ಪತ್ತು ವರ್ಷ ನಡೆಸಿದವನು. ಆದರೆ ಹುಡುಗನಾಗಿದ್ದಾಗಿನಿಂದ ಅವನನ್ನು ಹಿಡಿದದ್ದು ಇರುವೆ. ಕೊನೆಗಾಲದಲ್ಲಿ ವಾಸವಿದ್ದ ಮನೆಗೂ 'ಇರುವೆಗೂಡು' ಎಂಬ ಅರ್ಥದ ಫ್ರೆಂಚ್ ಹೆಸರನ್ನೇ ಇಟ್ಟಿದ್ದ.

ಈ ಮನುಷ್ಯನಿಗೂ ನಮ್ಮ ಕಾರವಾರದ ಕಾಡಿಗೂ ನಂಟಿದೆ. ಉತ್ತರ ಕನ್ನಡ ಜಿಲ್ಲೆ ಆಗ ಮುಂಬಯಿ ಪ್ರಾಂತ್ಯದಲ್ಲಿತ್ತು. ಅಲ್ಲಿನ ಅರಣ್ಯ ಅಧಿಕಾರಿಗಳು, ಸುಂಕದ ಕಟ್ಟೆಯ ಅಧಿಕಾರಿಗಳು ಹಿಡಿದ ಇರುವೆಗಳು ಸ್ವಿಟ್ಜರ್ಲೆಂಡಿಗೆ ಹೋಗುತ್ತಿದ್ದವು. ಫೊರೆಲ್ ಅವಕ್ಕೆ ಹೆಸರಿಟ್ಟು, ವಿವರ ಬರೆದು, ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ 1892ರಿಂದ ಕಂತು ಕಂತಾಗಿ ಪ್ರಕಟಿಸಿದ. ಕಾರವಾರದಲ್ಲಿದ್ದ ಅರಣ್ಯಾಧಿಕಾರಿ ಟಿ. ಆರ್. ಬೆಲ್ ಹೆಸರಿನಲ್ಲಿ 'ಮೆರನೋಪ್ಲಸ್ ಬೆಲ್ಲಿಯೈ', ಸುಂಕದ ಇಲಾಖೆಯ ಇ. ಎಚ್. ಐಟ್ಕೆನ್ ಹೆಸರಿನಲ್ಲಿ 'ಟೆಟ್ರಾಪೊನೆರಾ ಐಟ್ಕೆನಿಯೈ' ಎಂಬ ಇರುವೆಗಳು ಇವತ್ತಿಗೂ ಇವೆ. ಎರಡಕ್ಕೂ ಹೆಸರಿಟ್ಟದ್ದು 1902ರಲ್ಲಿ, ಈ ನೋಟಿನ ಮೇಲಿರುವ ಮುದುಕನೇ.

ಇಷ್ಟೇ ಹೇಳಿ ಸುಮ್ಮನಾದರೆ ಅರ್ಧ ಸತ್ಯವಾಗುತ್ತದೆ. ಮನೋರೋಗಿಗಳಿಗೆ ಮಕ್ಕಳಾಗದಂತೆ ಶಸ್ತ್ರಚಿಕಿತ್ಸೆ ಮಾಡಬೇಕೆಂದು ವಾದಿಸಿದವರಲ್ಲಿ ಫೊರೆಲ್ ಕೂಡ ಒಬ್ಬ. 'ಉತ್ತಮ ಸಂತಾನ'ದ ಹೆಸರಿನ ಆ ವಿಚಾರ ಯುರೋಪಿನಲ್ಲಿ ಮುಂದೆ ಎಂಥ ಕ್ರೌರ್ಯಕ್ಕೆ ದಾರಿಯಾಯಿತು ಎಂಬುದು ಗೊತ್ತೇ ಇದೆ. ಆಲ್ಬಮ್ಮಿನಲ್ಲಿ ಈ ನೋಟನ್ನು ಇಡುವವರಿಗೆ ಇದೂ ತಿಳಿದಿರಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ವಿಜ್ಞಾನಿಗಳು ಈ ನೋಟುಗಳಿಗೆ ಬಂದು ಸೇರಲು ಎಪ್ಪತ್ತು ವರ್ಷ ಹಿಡಿಯಿತು. ಸ್ವಿಸ್ ನ್ಯಾಷನಲ್ ಬ್ಯಾಂಕ್ ಕೆಲಸ ಶುರುಮಾಡಿದ್ದು 1907ರ ಜೂನ್‌ನಲ್ಲಿ. 1911ರಲ್ಲಿ ಬಂದ ಎರಡನೆಯ ಸರಣಿಗೆ ಚಿತ್ರಕಾರ ಫರ್ಡಿನಾಂಡ್ ಹೋಡ್ಲರ್ ಐವತ್ತರ ನೋಟಿಗೆ ಮರ ಕಡಿಯುವವನನ್ನೂ ನೂರರ ನೋಟಿಗೆ ಹುಲ್ಲು ಕೊಯ್ಯುವವನನ್ನೂ ಬರೆದುಕೊಟ್ಟ. ಯೂಜೀನ್ ಬರ್ನಾಂಡ್ ಬರೆದ ಐನೂರರಲ್ಲಿ ಕಸೂತಿ ಹಾಕುವ ಹೆಂಗಸರಿದ್ದರು, ಸಾವಿರದಲ್ಲಿ ಎರಕದ ಮನೆಯಿತ್ತು. ದುಡಿಯುವವರ ಚಿತ್ರಗಳು, ಆದರೆ ಯಾರ ಹೆಸರೂ ಇಲ್ಲ. 1956ರಿಂದ ಬಂದ ಐದನೆಯ ಸರಣಿಯ ದೊಡ್ಡ ನೋಟುಗಳಲ್ಲೂ ಸೇಬು ಕೊಯ್ಲು, ಸಂತ ಮಾರ್ಟಿನ್, ಯೌವನದ ಕಾರಂಜಿ, ಸಾವಿನ ಕುಣಿತ ಇಂಥವೇ ಇದ್ದವು.

ಆ ಸರಣಿಯ ಎರಡು ಸಣ್ಣ ನೋಟುಗಳಲ್ಲಿ ಮಾತ್ರ ನಿಜವಾಗಿ ಬದುಕಿ ಬಾಳಿದವರ ಮುಖ ಬಂತು. ಹತ್ತರಲ್ಲಿ ಸಾಹಿತಿ ಗೋಟ್‌ಫ್ರೀಡ್ ಕೆಲ್ಲರ್, ಇಪ್ಪತ್ತರಲ್ಲಿ ಜನರಲ್ ಡುಫೂರ್. ಡುಫೂರ್ 1847ರ ಅಂತರ್ಯುದ್ಧದಲ್ಲಿ ಸೇನೆ ನಡೆಸಿದವನು, ರೆಡ್ ಕ್ರಾಸ್ ಸ್ಥಾಪಕರಲ್ಲೊಬ್ಬ. ಆದರೆ ಶೋಧಕರ ನೋಟು ಕೂಡಿಸುವವರಿಗೆ ಅವನು ಬೇಕಾಗುವುದು ಬೇರೆ ಕಾರಣಕ್ಕೆ. ಇಡೀ ಸ್ವಿಟ್ಜರ್ಲೆಂಡನ್ನು ಅಳೆದು, ಒಂದು ಲಕ್ಷಕ್ಕೆ ಒಂದರ ಅಳತೆಯಲ್ಲಿ 25 ಹಾಳೆಗಳ ನಕ್ಷೆ ಮಾಡಿಸಿದವನು ಅವನು. ಆ ದೇಶದ ಅತಿ ಎತ್ತರದ ಶಿಖರಕ್ಕೆ, 4,634 ಮೀಟರಿನ ಡುಫೂರ್‌ಸ್ಪಿಟ್ಜೆಗೆ, ಅವನದೇ ಹೆಸರು.

1976ರಿಂದ 1979ರ ನಡುವೆ ಬಂದ ಆರನೆಯ ಸರಣಿಯನ್ನು ವಿನ್ಯಾಸ ಮಾಡಿದವರು ಎರ್ನ್ಸ್ಟ್ ಮತ್ತು ಉರ್ಸುಲಾ ಹೀಸ್ಟಾಂಡ್ ದಂಪತಿ. ಆರು ನೋಟು, ಆರು ಜನ. ಒಬ್ಬ ವಾಸ್ತುಶಿಲ್ಪಿ, ನೂರರ ನೋಟಿನ ಬೊರೊಮಿನಿ. ಉಳಿದ ಐವರೂ ವಿಜ್ಞಾನದವರು. ಬಾಸೆಲ್, ಜಿನೀವಾ, ಜ್ಯೂರಿಕ್, ಬರ್ನ್, ವೋ, ಇಟಾಲಿಯನ್ ನುಡಿಯ ಟಿಚಿನೊ ಎಂದು ಊರುಗಳನ್ನೂ ಭಾಷೆಗಳನ್ನೂ ಹಂಚಿಕೊಂಡಂತೆ ಈ ಆಯ್ಕೆಯಿದೆ. ಮುಂಬದಿಯಲ್ಲಿ ಮುಖ, ಹಿಂಬದಿಯಲ್ಲಿ ಆ ಮನುಷ್ಯ ಏನು ಕಂಡುಹಿಡಿದ ಎಂಬುದರ ಚಿತ್ರ. ದೊಡ್ಡವರ ಮುಖ ಅಚ್ಚುಹಾಕುವ ದೇಶಗಳು ಎಷ್ಟೋ ಇವೆ. ಅವರ ಕೆಲಸವನ್ನು ಇಷ್ಟು ಶ್ರದ್ಧೆಯಿಂದ ನೋಟಿಗೆ ತಂದದ್ದೇ ಈ ಸರಣಿಯ ದೊಡ್ಡತನ. ಆ ಹಿರಿಯರು ಬೆನ್ನು ನೋಡು ಎಂದದ್ದು ಇದಕ್ಕೇ.

ಕೆಂಪು ಹತ್ತರ ನೋಟು ಗಣಿತಜ್ಞ ಲಿಯೊನಾರ್ಡ್ ಆಯ್ಲರ್‌ದು. ಅವನು 1707ರಲ್ಲಿ ಹುಟ್ಟಿದ ಊರು ಬಾಸೆಲ್. ಮಂಗಳೂರಿಗೆ ಅಚ್ಚುಕೂಟ, ಹಂಚಿನ ಕಾರ್ಖಾನೆ ತಂದ ಬಾಸೆಲ್ ಮಿಷನ್‌ನಿಂದ ನಮಗೆ ಪರಿಚಿತವಾದ ಅದೇ ಊರು. ನೋಟಿನ ಬೆನ್ನಿಗೆ ನೀರಿನ ಟರ್ಬೈನು, ಸೌರಮಂಡಲ, ಮಸೂರಗಳ ಮೂಲಕ ಹಾಯುವ ಬೆಳಕಿನ ನಕ್ಷೆ. ಆಯ್ಲರ್ ಆ ಟರ್ಬೈನನ್ನು ಕಾಗದದ ಮೇಲಷ್ಟೇ ಲೆಕ್ಕಹಾಕಿದ್ದ. ಸುಮಾರು 190 ವರ್ಷಗಳ ಮೇಲೆ ಜ್ಯೂರಿಕ್‌ನ ಎಂಜಿನಿಯರ್ ಯಾಕೊಬ್ ಆಕರೆಟ್ ಅದೇ ಲೆಕ್ಕ ಹಿಡಿದು ಒಂದನ್ನು ಮಾಡಿಸಿ ನೀರು ಹಾಯಿಸಿದಾಗ, ನೀರಿನ ಶಕ್ತಿಯಲ್ಲಿ ಶೇ. 70ಕ್ಕೂ ಹೆಚ್ಚು ಪಾಲನ್ನು ಅದು ಕೆಲಸಕ್ಕೆ ತಿರುಗಿಸಿತು. ಹಾಲು, ಬ್ರೆಡ್ಡು ಕೊಂಡು ಮಡಚಿ ಜೇಬಿಗಿಡುವ ಹತ್ತರ ನೋಟಿನಲ್ಲಿ ಅಂಥ ಯಂತ್ರವೊಂದು ಓಡಾಡುತ್ತಿತ್ತು.

ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ನೀಲಿ ಇಪ್ಪತ್ತು. ಜಿನೀವಾದ ಒರಾಸ್ ಬೆನೆಡಿಕ್ಟ್ ದ ಸೊಸ್ಯೂರ್ 1760ರಲ್ಲಿ, ಇಪ್ಪತ್ತರ ಹರೆಯದಲ್ಲಿ, ಆಲ್ಪ್ಸ್ ಬೆಟ್ಟಗಳ ನಡುವಿನ ಶಾಮೊನಿಗೆ ಹೋಗಿ ಮಾಂಟ್ ಬ್ಲಾಂಕ್ ಶಿಖರ ನೋಡಿದ. ತುದಿಗೆ ದಾರಿ ಹುಡುಕಿದವರಿಗೆ ಬಹುಮಾನ ಕೊಡುವುದಾಗಿ ಸಾರಿದ. 26 ವರ್ಷ ಯಾರಿಂದಲೂ ಆಗಲಿಲ್ಲ. 1786ರ ಆಗಸ್ಟ್ 8ರಂದು ಬಾಲ್ಮಾ ಮತ್ತು ಪಕ್ಕಾರ್ ಎಂಬಿಬ್ಬರು ಹತ್ತಿದರು. ಮರುವರ್ಷ ಸೊಸ್ಯೂರ್ ತಾನೇ ಹೊರಟ. ಒಬ್ಬ ಆಳು, 18 ಮಂದಿ ದಾರಿ ತೋರಿಸುವವರು, ಹೊರೆಗಟ್ಟಲೆ ಉಪಕರಣ. ತುದಿಯಲ್ಲಿ ಗಂಟೆಗಟ್ಟಲೆ ಕೂತು ಗಾಳಿಯ ಒತ್ತಡ ಅಳೆದ, ಅಷ್ಟು ಎತ್ತರದಲ್ಲಿ ನೀರು ಎಷ್ಟು ಬಿಸಿಗೆ ಕುದಿಯುತ್ತದೆಂದು ಕುದಿಸಿ ನೋಡಿದ, ಆಕಾಶದ ನೀಲಿ ಎಷ್ಟು ಗಾಢವೆಂದು ಬಣ್ಣದ ಕಾಗದದ ಪಟ್ಟಿಗಳಿಗೆ ಹೋಲಿಸಿ ಗುರುತು ಮಾಡಿಕೊಂಡ.

ಗಾಳಿಯ ತೇವ ಅಳೆಯಲು ಅವನು ಮಾಡಿದ ಸಾಧನದ ಜೀವಾಳ ಮನುಷ್ಯನ ತಲೆಗೂದಲು. ತೇವ ಹೆಚ್ಚಿದರೆ ಕೂದಲು ಉದ್ದವಾಗುತ್ತದೆ, ಒಣಗಿದರೆ ಕುಗ್ಗುತ್ತದೆ. ಆ ಕೂದಲೆಳೆಗೆ ಮುಳ್ಳು ಕಟ್ಟಿದರೆ ಅದು ಅಳತೆ ತೋರಿಸುತ್ತದೆ. ನೋಟಿನ ಬೆನ್ನಿನಲ್ಲಿ ಹಿಮದ ಬೆಟ್ಟಗಳ ನಡುವೆ ಪರ್ವತಾರೋಹಿಗಳ ಸಣ್ಣ ಗುಂಪಿದೆ. ಹಿಮಾಲಯದ ಬ್ರಹ್ಮಕಮಲ ಇದೆಯಲ್ಲ (ನಮ್ಮ ಮನೆಯಂಗಳದಲ್ಲಿ ಮಳೆಗಾಲದ ರಾತ್ರಿ ಅರಳುವ ಕಳ್ಳಿಯ ಜಾತಿಯದಲ್ಲ, ಕೇದಾರದ ಕಡೆಯದು), ಅದರ ಶಾಸ್ತ್ರೀಯ ಹೆಸರಿನ ಮೊದಲ ಪದ ಸೊಸ್ಯೂರಿಯಾ. ಈ ಸೊಸ್ಯೂರ್ ಮತ್ತು ಸಸ್ಯಶಾಸ್ತ್ರಜ್ಞನಾದ ಅವನ ಮಗನ ನೆನಪಿಗೆ ಇಟ್ಟದ್ದು.

ಹಸಿರು ಐವತ್ತರಲ್ಲಿ ಹದಿನಾರನೆಯ ಶತಮಾನದ ಕೊನ್ರಾಡ್ ಗೆಸ್ನರ್, ಬೆನ್ನಿಗೆ ದೊಡ್ಡ ಗೂಬೆ. ಆಗ ಗೊತ್ತಿದ್ದ ಪ್ರಾಣಿಗಳನ್ನೆಲ್ಲ ಒಂದು ಮಹಾಗ್ರಂಥಕ್ಕೆ ತರಲು ಹೊರಟು, 1565ರಲ್ಲಿ ಪ್ಲೇಗಿಗೆ ಬಲಿಯಾದವನು. ಕಂದು ಐನೂರರಲ್ಲಿ ಬರ್ನ್‌ನ ಆಲ್ಬ್ರೆಕ್ಟ್ ಫಾನ್ ಹಾಲರ್. ವೈದ್ಯ, ಸಸ್ಯಶಾಸ್ತ್ರಜ್ಞ, ಆಲ್ಪ್ಸ್ ಬೆಟ್ಟಗಳ ಮೇಲೆ ದೀರ್ಘ ಕಾವ್ಯ ಬರೆದ ಕವಿ. ಬೆನ್ನಿಗೆ ಚರ್ಮ ಸುಲಿದಂತೆ ಸ್ನಾಯು ತೋರುವ ಮನುಷ್ಯಾಕೃತಿ, ಉಸಿರಾಟ ಮತ್ತು ರಕ್ತ ಓಡಾಟದ ನಕ್ಷೆ, ಒಂದು ಸೀತಾಳೆಯ ಜಾತಿಯ ಹೂವು. ಇಂಥದ್ದನ್ನು ನೋಟಿನ ಮೇಲೆ ಹಾಕುವುದಕ್ಕೆ ಧೈರ್ಯ ಬೇಕು.

ಹೊಸ ನೋಟು ಬಂದರೂ ಹಳೆಯದರ ಕಥೆ ಮುಗಿಯಲಿಲ್ಲ. 1995ರಿಂದ ಕಲಾವಿದರ ಮುಖಗಳ ಎಂಟನೆಯ ಸರಣಿ ಬಂತು. (ಏಳನೆಯದು ತುರ್ತಿಗೆಂದು ಸಿದ್ಧಮಾಡಿಟ್ಟ ಮೀಸಲು ಸರಣಿ, ಜನರ ಕೈಗೆ ಬರಲೇ ಇಲ್ಲ.) 2000ದ ಮೇ 1ರಂದು ವಿಜ್ಞಾನಿಗಳ ನೋಟುಗಳನ್ನು ಬ್ಯಾಂಕು ಚಲಾವಣೆಯಿಂದ ಹಿಂತೆಗೆಯಿತು. ಅದೇ ದಿನ ಇನ್ನೊಂದು ಬಾಗಿಲೂ ಮುಚ್ಚಿತು. ಹಿಂತೆಗೆದ ನೋಟನ್ನು 20 ವರ್ಷದೊಳಗೆ ಬದಲಿಸಿಕೊಳ್ಳಬೇಕು ಎಂಬುದು ಆಗಿನ ಕಾನೂನು. ಡುಫೂರ್ ಇದ್ದ ಐದನೆಯ ಸರಣಿಯನ್ನು ಹಿಂತೆಗೆದದ್ದು 1980ರ ಮೇ 1ರಂದು, ಹಾಗಾಗಿ ಅಂದಿನಿಂದ ಅವುಗಳ ಬೆಲೆ ಸೊನ್ನೆ. ಬದಲಿಸದೆ ಉಳಿದ 24 ಕೋಟಿಗೂ ಹೆಚ್ಚು ಫ್ರಾಂಕ್ ಹಣ ನೆರೆ, ಭೂಕುಸಿತದಂಥ ವಿಮೆಯಿಲ್ಲದ ಹಾನಿಗೆ ನೆರವಾಗುವ ನಿಧಿಗೆ ಹೋಯಿತು.

ಅದೇ ಲೆಕ್ಕದಲ್ಲಿ ಆಯ್ಲರ್, ಸೊಸ್ಯೂರ್, ಫೊರೆಲ್ ಎಲ್ಲರೂ 2020ರ ಏಪ್ರಿಲ್ 30ರ ರಾತ್ರಿ ಬರೀ ಕಾಗದವಾಗಬೇಕಿತ್ತು. ಆಗಲೂ ಸುಮಾರು 100 ಕೋಟಿ ಫ್ರಾಂಕ್ ಬೆಲೆಯ ಆರನೆಯ ಸರಣಿ ನೋಟುಗಳು ವಾಪಸಾಗದೆ ಹೊರಗಿದ್ದವು. ಗಡುವಿಗೆ ನಾಲ್ಕೇ ತಿಂಗಳಿರುವಾಗ, 2020ರ ಜನವರಿ 1ರಂದು, ತಿದ್ದಿದ ಕಾನೂನು ಜಾರಿಗೆ ಬಂದು ಆರನೆಯ ಸರಣಿ ಮತ್ತು ಅದರಿಂದೀಚಿನ ನೋಟುಗಳಿಗೆ ಕಾಲಮಿತಿಯನ್ನೇ ತೆಗೆದುಹಾಕಿತು. ಅಂಗಡಿಯಲ್ಲಿ ನಡೆಯುವುದಿಲ್ಲ, ಆದರೆ ನ್ಯಾಷನಲ್ ಬ್ಯಾಂಕಿಗೆ ಯಾವಾಗ ಕೊಟ್ಟರೂ ಪೂರ್ತಿ ಮುಖಬೆಲೆ ಸಿಗುತ್ತದೆ. 2016ರ ನವೆಂಬರಿನಲ್ಲಿ ಬ್ಯಾಂಕಿನ ಮುಂದೆ ಸಾಲು ನಿಂತ ನಮಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ.

ಸಂಗ್ರಾಹಕರ ಲೆಕ್ಕವನ್ನು ಈ ತಿದ್ದುಪಡಿ ಬದಲಿಸಿತು. ಹೋಡ್ಲರನ ಮರ ಕಡಿಯುವವನಿಗಾಗಲಿ ಡುಫೂರ್‌ಗಾಗಲಿ ಈಗ ಬೆಲೆ ಕಟ್ಟುವವನು ಇನ್ನೊಬ್ಬ ಸಂಗ್ರಾಹಕ ಮಾತ್ರ. ಆರನೆಯ ಸರಣಿಗೆ ಹಾಗಲ್ಲ. ಎಷ್ಟೇ ಸುಕ್ಕಾದ ಆಯ್ಲರ್ ಆದರೂ ಹತ್ತು ಫ್ರಾಂಕಿಗೆ ಖಂಡಿತ ಬಾಳುತ್ತಾನೆ. ಅದಕ್ಕಿಂತ ಮೇಲೆ ಎಷ್ಟು ಎಂಬುದನ್ನು ನೋಟಿನ ಸ್ಥಿತಿ, ಸಹಿ, ವರ್ಷ ತೀರ್ಮಾನಿಸುತ್ತವೆ. ವರ್ಷ ತಿಳಿಯುವುದು ಸುಲಭ, ಕ್ರಮಸಂಖ್ಯೆಯ ಮೊದಲ ಎರಡು ಅಂಕಿಯೇ ಅಚ್ಚಾದ ವರ್ಷ.

ಕೊಳ್ಳುವಾಗ ಒಂದು ಎಚ್ಚರ ಬೇಕು. ಗರಿಗರಿ ಯುಎನ್‌ಸಿ (ಎಂದರೆ ಕೈಬದಲಾಗದ ಹೊಚ್ಚಹೊಸ ನೋಟು) ಎಂದು ನಂಬಿಸಿ ಒಬ್ಬರು ನನಗೆ ಕೊಟ್ಟ ಇಪ್ಪತ್ತರ ನೋಟು ಮೇಲ್ನೋಟಕ್ಕೆ ಹೊಸದರಂತೆಯೇ ಇತ್ತು. ರಾತ್ರಿ ಟೇಬಲ್ ಲ್ಯಾಂಪನ್ನು ಪಕ್ಕಕ್ಕೆ ಬಗ್ಗಿಸಿ, ನೋಟನ್ನು ಬೆಳಕಿಗೆ ಓರೆಯಾಗಿ ಹಿಡಿದಾಗ ನಟ್ಟನಡುವೆ ಮಡಿಕೆಯ ಗೆರೆ ಎದ್ದು ಕಂಡಿತು. ಇಸ್ತ್ರಿ ಹಾಕಿದ ನೋಟು. ಇಸ್ತ್ರಿಯಿಂದ ಸುಕ್ಕು ಮಾಯವಾದರೂ ಮುರಿದ ಎಳೆ ಕೂಡುವುದಿಲ್ಲ. ಮೇಲಾಗಿ ಬೆರಳಿಗೆ ತಾಕಬೇಕಾದ ಉಬ್ಬು ಶಾಯಿ ಚಪ್ಪಟೆಯಾಗಿ ಬಿಡುತ್ತದೆ. ಸೊಸ್ಯೂರ್‌ನ ಕೋಟಿನ ಮೇಲೆ ಬೆರಳಾಡಿಸಿದರೆ ಬರೀ ನುಣುಪು. ಅಂದಿನಿಂದ ಓರೆ ಬೆಳಕಿನಲ್ಲಿ ನೋಡದೆ ನಾನು ಯಾವ ನೋಟನ್ನೂ ಕೊಂಡಿಲ್ಲ.

2016ರಿಂದ 2019ರವರೆಗೆ ಬಂದ ಒಂಬತ್ತನೆಯ ಸರಣಿಯಲ್ಲಿ ಯಾರ ಮುಖವೂ ಇಲ್ಲ. ಕಾಲ, ಬೆಳಕು, ಗಾಳಿ, ನೀರು, ದ್ರವ್ಯ, ಭಾಷೆ ಎಂಬ ಆರು ವಿಷಯಗಳು ಮತ್ತು ಮನುಷ್ಯನ ಕೈಗಳು. ನೋಡಲು ಚೆಂದವಾಗಿವೆ. ಆದರೆ ಕಾಲವನ್ನೋ ಗಾಳಿಯನ್ನೋ ಬೆನ್ನಟ್ಟಿ ಹೋದ ಒಬ್ಬ ಮನುಷ್ಯನ ಹೆಸರು ನೋಟಿನ ಮೇಲಿದ್ದಾಗ ಓದಿ ತಿಳಿಯಬೇಕೆಂಬ ಆಸೆ ಹುಟ್ಟುತ್ತಿತ್ತಲ್ಲ, ಅದು ನನಗೆ ಇವುಗಳಿಂದ ಹುಟ್ಟಲಿಲ್ಲ.

ನನ್ನ ಆಲ್ಬಮ್ಮಿನಲ್ಲಿ ಹತ್ತು, ಇಪ್ಪತ್ತು, ಐವತ್ತು ಇವೆ. ಸಾವಿರದ ನೋಟಿಗೆ ಮುಖಬೆಲೆಯೇ ಇವತ್ತಿನ ಲೆಕ್ಕದಲ್ಲಿ ಲಕ್ಷ ರೂಪಾಯಿ ಆಸುಪಾಸು, ಅದಕ್ಕಿಂತ ಕಡಿಮೆಗೆ ಯಾರೂ ಬಿಟ್ಟುಕೊಡುವುದಿಲ್ಲ. ಹಾಗಾಗಿ ಇರುವೆ ನೋಡಬೇಕೆನಿಸಿದಾಗ ಆ ಹಿರಿಯರ ಮನೆಗೇ ಹೋಗುತ್ತೇನೆ. ಈಗ ಅವರು ಏನೂ ಹೇಳುವುದಿಲ್ಲ, ಬೆನ್ನು ಮೇಲಾಗಿಯೇ ನೋಟನ್ನು ಮುಂದಿಟ್ಟು ಭೂತಗನ್ನಡಿ ಕೊಡುತ್ತಾರೆ.