ಎಂಜಲು ಕೈ, ಗ್ಲೌಸ್ ಕೈ

ನಮ್ಮ ಲ್ಯಾಬಿನ ಸುರಕ್ಷತೆ ಟ್ರೇನಿಂಗಿಗೆ ಹೊಸ ಬ್ಯಾಚ್ ಬಂದಾಗೆಲ್ಲ ನಾನು ಮೊದಲು ಮಾಡೋ ಕೆಲಸ ಬಟ್ಟೆ ಒಗೆಯೋ ಪೌಡರ್ ಕಲಸೋದು. ಒಂದು ಬೀಕರ್ ನೀರಿಗೆ ಎರಡು ಚಮಚ ಹಾಕಿ, ಕಲಸಿ, ಸೋಸಿ, ಇದೇ ಇವತ್ತಿನ ರೇಡಿಯೋಆಕ್ಟಿವ್ ಸ್ಯಾಂಪಲ್ ಅಂತ ಹುಡುಗರ ಕೈಗೆ ಕೊಡ್ತೀನಿ. ಗ್ಲೌಸ್ ಹಾಕ್ಕೊಂಡು ಹತ್ತು ಟ್ಯೂಬಿಗೆ ಪೈಪೆಟ್ ಮಾಡಿ, ರೀಡಿಂಗ್ ಬರ್ಕೊಳ್ಳಿ, ಟ್ಯೂಬ್ ಫ್ರಿಜ್ಜಲ್ಲಿಟ್ಟು ಕೈ ತೊಳ್ಕೊಂಡು ಬನ್ನಿ, ಅಷ್ಟೇ. ಎಲ್ಲಾ ಮುಗಿದ ಮೇಲೆ ಲೈಟ್ ಆರಿಸಿ, ಖೋಟಾ ನೋಟು ಚೆಕ್ ಮಾಡೋಕೆ ಅಂಗಡಿಯವ್ರು ಇಟ್ಕೊಂಡಿರ್ತಾರಲ್ಲ ಆ ಥರ ಯುವಿ ಟಾರ್ಚ್ ಹಿಡೀತೀನಿ. ಬಟ್ಟೆ ಬೆಳ್ಳಗೆ ಕಾಣಲಿ ಅಂತ ಪೌಡರಲ್ಲಿ ಹಾಕಿರೋ ಕೆಮಿಕಲ್ ನೀಲಿಯಾಗಿ ಹೊಳೆಯತ್ತೆ. (ಬಿಳಿ ಕಾಗದ, ಬಿಳಿ ಕೋಟು ತಾವಾಗೇ ಹೊಳೀತವೆ, ಅವನ್ನ ಲೆಕ್ಕಕ್ಕೆ ತಗೋಬೇಡಿ.) ಪೈಪೆಟ್ ಮೇಲೆ ಇದ್ದೇ ಇರತ್ತೆ, ಅದು ಬಿಡಿ, ಆದ್ರೆ ಫ್ರಿಜ್ ಹಿಡಿ, ಪೆನ್ನು, ಮೊಬೈಲ್, ಬಾಗಿಲ ಚಿಲಕ, ಕಳೆದ ಸಲ ಒಬ್ಬ ಹುಡುಗಿಯ ಕನ್ನಡಕದ ಕಡ್ಡಿ ಮತ್ತೆ ಕಿವಿ ಹಿಂದೆ. ಮೊದಲು ಎಲ್ರೂ ನಗ್ತಾರೆ, ಆಮೇಲೆ ಒಬ್ಬೊಬ್ರೇ ತಮ್ಮ ತಮ್ಮ ಕೈ ನೋಡ್ಕೊಳ್ತಾರೆ.

ಇದನ್ನ ವಿವರಿಸೋಕೆ ನನಗೆ ಯಾವ ಸ್ಲೈಡೂ ಬೇಕಾಗಿಲ್ಲ, ನಮ್ಮಜ್ಜಿ ಸಾಕು. ಊಟ ಮಾಡ್ತಾ ಇರೋವಾಗ ಸಾರಿನ ಸೌಟು ಮುಟ್ಟಿದ್ರೆ ಅಜ್ಜಿ ಕೈ ಮೇಲೇ ಬಾರಿಸ್ತಿದ್ರು, ಬಲಗೈ ಎಂಜಲು, ಬಡಿಸ್ಕೊಳ್ಳೋಕೆ ಎಡಗೈ ಅಂತ. ಲ್ಯಾಬಲ್ಲೂ ಗ್ಲೌಸ್ ಹಾಕಿದ ಕೈ ಎಂಜಲು ಕೈ. ಗ್ಲೌಸ್ ಇರೋದು ನಿಮ್ಮ ಚರ್ಮ ಉಳಿಸೋಕೆ, ಬಾಗಿಲು, ಕೀಬೋರ್ಡು, ಲಿಫ್ಟ್ ಬಟನ್ ಉಳಿಸೋ ಕೆಲಸ ಅದರದ್ದಲ್ಲ. ಇದನ್ನ ಹೇಳಿದ ಮೇಲೆ ಮಂಡ್ಯದಿಂದ ಬಂದವ್ರಿಗೂ ಬೀದರದಿಂದ ಬಂದವ್ರಿಗೂ ಮತ್ತೆ ವಿವರಿಸೋ ಅಗತ್ಯ ಬೀಳಲ್ಲ.

ಇನ್ನೊಂದು ಗೊಂದಲ ಇದೆ, ವಿಕಿರಣ ತಗಲೋದು ಬೇರೆ, ವಿಕಿರಣ ವಸ್ತು ಮೈಗೆ ಅಂಟೋದು ಬೇರೆ. ಸೌದೆ ಒಲೆ ಮುಂದೆ ಕೂತ್ರೆ ಶಾಖ ಬಡಿಯತ್ತೆ, ಎದ್ದು ಆಚೆ ಹೋದ್ರೆ ಮುಗೀತು, ಅದೇ ಮಸಿ ಹತ್ತಿದ್ರೆ ನೀವು ಹೋದ ಕಡೆಗೆಲ್ಲ ಬರತ್ತೆ, ಮುಟ್ಟಿದವ್ರಿಗೂ ಹತ್ತತ್ತೆ. ಎಕ್ಸ್‌ರೇ ರೂಮಲ್ಲಿ ಕೆಲಸ ಮಾಡೋವ್ರಿಗೆ ಶಾಖದ ಚಿಂತೆ ಮಾತ್ರ, ವಿಕಿರಣ ಸೂಸೋ ಐಸೋಟೋಪನ್ನ ದ್ರವರೂಪದಲ್ಲಿ ಬಳಸೋ ಲ್ಯಾಬಿನವ್ರಿಗೆ ಮಸಿಯದೇ ದೊಡ್ಡ ಚಿಂತೆ. ಶಾಖಕ್ಕೆ ಉಪಾಯ ಸುಲಭ, ಬೇಗ ಮುಗಿಸಿ, ದೂರ ಇರಿ, ಮಧ್ಯ ಏನಾದ್ರೂ ಅಡ್ಡ ಇಡಿ. ಮೂಲ ಸಣ್ಣದಿದ್ರೆ ದೂರ ಎರಡು ಪಟ್ಟು ಮಾಡಿದ್ರೆ ಡೋಸ್, ಅಂದ್ರೆ ಮೈಗೆ ತಗಲೋ ವಿಕಿರಣ, ಕಾಲು ಭಾಗಕ್ಕೆ ಇಳಿಯತ್ತೆ, ಹಾಗಾಗಿ ಒಂದು ಇಕ್ಕಳ ಎಷ್ಟೋ ಸಲ ಸೀಸದ ಇಟ್ಟಿಗೆಗಿಂತ ವಾಸಿ.

ಅಡ್ಡ ಇಡೋದ್ರಲ್ಲೂ ಒಂದು ತಮಾಷೆ ಇದೆ. ವಿಕಿರಣ ಅಂದ ತಕ್ಷಣ ಎಲ್ರಿಗೂ ಸೀಸವೇ ನೆನಪಾಗೋದು. ಡಿಎನ್ಎ ಲೇಬಲ್ ಮಾಡೋಕೆ ಬಳಸೋ ಫಾಸ್ಫರಸ್-32ರ ಬೀಟಾ ಕಣಗಳು (ಅಂದ್ರೆ ವೇಗವಾಗಿ ಹಾರೋ ಎಲೆಕ್ಟ್ರಾನುಗಳು) ಜೋರಾಗಿರ್ತವೆ, ಅವು ನೇರ ಹೋಗಿ ಸೀಸಕ್ಕೆ ಬಡಿದ್ರೆ ಅಲ್ಲೇ ಎಕ್ಸ್‌ರೇ ಹುಟ್ಟತ್ತೆ, ಅಂದ್ರೆ ತಡೆಯೋಕೆ ಹೋಗಿ ಇನ್ನೊಂದನ್ನ ತಂದ್ಕೊಂಡ ಹಾಗೆ. ಅದಕ್ಕೆ ಬೇಕಾಗಿರೋದು ಒಂದು ಸೆಂಟಿಮೀಟರ್ ದಪ್ಪದ ಅಕ್ರಿಲಿಕ್ ಹಾಳೆ. ಹೈಡ್ರೋಜನ್ನಿನ ವಿಕಿರಣ ಸೂಸೋ ರೂಪ ಟ್ರಿಟಿಯಂ ಇದಕ್ಕೆ ಪೂರ್ತಿ ಉಲ್ಟಾ, ಅದರ ಬೀಟಾ ನಮ್ಮ ಚರ್ಮದ ಸತ್ತ ಪದರವನ್ನೇ ದಾಟಲ್ಲ, ಹಾಗಾಗಿ ವಿಕಿರಣ ಪತ್ತೆ ಮಾಡೋ ಜಿಎಂ ಕೌಂಟರ್ ಹಿಡಿದ್ರೆ ಟಕ್ ಅನ್ನಲ್ಲ, ಡೋಸ್ ಅಳೆಯೋಕೆ ಎದೆ ಮೇಲೆ ಹಾಕ್ಕೊಳ್ಳೋ ಟಿಎಲ್‌ಡಿ ಬ್ಯಾಡ್ಜಿಗೂ ಗೊತ್ತಾಗಲ್ಲ. ಕೌಂಟರ್ ಸುಮ್ಮನಿದೆ ಅಂದ್ರೆ ಟೇಬಲ್ ಕ್ಲೀನ್ ಅಂತ ಟಿಕ್ ಹಾಕಿರೋ ರಿಜಿಸ್ಟರ್‌ಗಳನ್ನ ನಾನು ಬೇಕಾದಷ್ಟು ನೋಡಿದ್ದೀನಿ. ಟ್ರಿಟಿಯಂ ಬಳಸೋ ಕಡೆ ಫಿಲ್ಟರ್ ಪೇಪರಲ್ಲಿ ಟೇಬಲ್ ಒರೆಸಿ ಲಿಕ್ವಿಡ್ ಸಿಂಟಿಲೇಷನ್ ಕೌಂಟರಲ್ಲಿ (ದ್ರವದಲ್ಲಿ ಬೀಟಾ ಹುಟ್ಟಿಸೋ ಬೆಳಕನ್ನ ಎಣಿಸೋ ಯಂತ್ರ) ಎಣಿಸಬೇಕು, ದೇಹದೊಳಗೆ ಹೋಗಿದೆಯಾ ಅಂತ ತಿಳಿಯೋಕೆ ಮೂತ್ರ ಪರೀಕ್ಷೆ ಮಾಡಿಸಬೇಕು.

ಬ್ಯಾಡ್ಜಿನ ಕತೆ ಬರೆದ್ರೆ ಅದೇ ಒಂದು ಅಂಕಣ ಆಗತ್ತೆ. ಮೂರು ತಿಂಗಳಿಗೊಮ್ಮೆ ಕಳಿಸಬೇಕು, ಒಳಗಿರೋ ಡಿಸ್ಕುಗಳನ್ನ ಬಿಸಿ ಮಾಡಿ ಬರೋ ಬೆಳಕು ಅಳೆದು ಡೋಸ್ ಹೇಳ್ತಾರೆ. ಎದೆ ಮಟ್ಟದಲ್ಲಿ, ಸೀಸದ ಏಪ್ರನ್ ಇದ್ರೆ ಅದರ ಒಳಗೆ ಹಾಕ್ಕೊಳ್ಳಬೇಕು. ಒಬ್ರು ಏಪ್ರನ್ನಿಗೇ ಸಿಕ್ಕಿಸಿ ಎಕ್ಸ್‌ರೇ ರೂಮಲ್ಲೇ ನೇತು ಹಾಕಿ ಮನೆಗೆ ಹೋಗ್ತಿದ್ರು, ಮೂರು ತಿಂಗಳಾದ ಮೇಲೆ ರಿಪೋರ್ಟಲ್ಲಿ ಬಂದ ಡೋಸ್ ಆ ಗೋಡೆಯ ಮೊಳೆಯದ್ದು, ಅವ್ರದ್ದಲ್ಲ, ಆದ್ರೆ ಅದನ್ನ ಬರವಣಿಗೆಯಲ್ಲಿ ಒಪ್ಪಿಸೋಷ್ಟರಲ್ಲಿ ನಾನು ಸುಸ್ತು. ನಮ್ಮ ದೇಶದಲ್ಲಿ ವಿಕಿರಣದ ಕೆಲಸ ಮಾಡೋವ್ರಿಗೆ ಎಇಆರ್‌ಬಿ (ಪರಮಾಣು ಶಕ್ತಿ ನಿಯಂತ್ರಣ ಮಂಡಳಿ) ಮಿತಿ ಐದು ವರ್ಷದ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್ (ಡೋಸ್ ಅಳೆಯೋ ಮಾನ), ಯಾವುದೇ ಒಂದು ವರ್ಷದಲ್ಲಿ 30 ದಾಟೋ ಹಾಗಿಲ್ಲ. ನೆಲ, ಗಾಳಿ, ಆಕಾಶದಿಂದ ಜಗತ್ತಿನ ಎಲ್ರಿಗೂ ಸರಾಸರಿ ವರ್ಷಕ್ಕೆ 2.4 ಬರ್ತಾನೇ ಇರತ್ತೆ, ನಮ್ಮ ಉಳ್ಳಾಲದ ಕಡಲ ಮರಳಲ್ಲಿ ವಿಕಿರಣ ಸೂಸೋ ಮೊನಜೈಟ್ ಖನಿಜ ಇರೋದ್ರಿಂದ ಅಲ್ಲಿ ಇನ್ನೂ ಸ್ವಲ್ಪ ಜಾಸ್ತಿ. ನಮ್ಮ ಲ್ಯಾಬಿನವ್ರ ರಿಪೋರ್ಟ್ ಬಹುತೇಕ ಸೊನ್ನೆ.

ಇಷ್ಟು ಹೇಳಿದ ಮೇಲೆ ನನ್ನ ದೂರು ಹೇಳ್ತೀನಿ. ಈ ಸೊನ್ನೆ ಡೋಸಿಗೆ ಹೆದರೋ ಅದೇ ಹುಡುಗ ಚೈನ್ ಇಲ್ಲದೆ ನಿಂತಿರೋ ಗ್ಯಾಸ್ ಸಿಲಿಂಡರಿಗೆ ಒರಗಿಕೊಂಡು ಫೋನಲ್ಲಿ ಮಾತಾಡ್ತಾನೆ. 2018ರ ಡಿಸೆಂಬರಲ್ಲಿ ಬೆಂಗಳೂರಿನ ಐಐಎಸ್‌ಸಿಯಲ್ಲಿ ಸಿಲಿಂಡರ್ ಸ್ಫೋಟ ಆಗಿ ಒಬ್ಬ ಯುವ ಸಂಶೋಧಕ ತೀರಿಕೊಂಡಿದ್ದು ಇದೇ ಊರಲ್ಲಿ. ದ್ರವ ನೈಟ್ರೋಜನ್ ಕ್ಯಾನ್ ಹಿಡ್ಕೊಂಡು ಜನ ಲಿಫ್ಟ್ ಹತ್ತುತ್ತಾರೆ, ಒಂದು ಲೀಟರ್ ಆವಿಯಾದ್ರೆ ಹತ್ತಿರ ಹತ್ತಿರ 700 ಲೀಟರ್ ಗ್ಯಾಸ್, ಲಿಫ್ಟ್ ಮಧ್ಯ ಕೆಟ್ಟು ನಿಂತ್ರೆ ಆಮ್ಲಜನಕ ಎಲ್ಲಿಂದ ಬರತ್ತೆ? ಕ್ಯಾನ್ ಒಂದೇ ಲಿಫ್ಟಲ್ಲಿ ಹೋಗಲಿ, ಮೇಲೆ ಒಬ್ರು ನಿಂತು ಇಳಿಸ್ಕೊಳ್ಳಲಿ, ನೀವು ಮೆಟ್ಟಿಲು ಹತ್ತಿ. ಬೇಗ ಹೊತ್ತಿಕೊಳ್ಳೋ ಈಥರ್ ಬಾಟಲನ್ನ ಮನೆ ಬಳಕೆಯ ಫ್ರಿಜ್ಜಲ್ಲಿ ಇಡ್ತಾರೆ, ಒಳಗಿನ ಥರ್ಮೋಸ್ಟಾಟ್ ಕಿಡಿ ಸಾಕು ಬಾಗಿಲು ಹಾರೋಕೆ. ಇನ್ನು ಗ್ಲೌಸ್ ಇದ್ರೆ ಸಾಕು ಅನ್ನೋವ್ರಿಗೆ ಕರೆನ್ ವೆಟ್ಟರ್‌ಹಾನ್ ಕತೆ ಹೇಳ್ತೀನಿ. ಅಮೆರಿಕದ ಡಾರ್ಟ್‌ಮತ್ ಕಾಲೇಜಿನ ಪ್ರೊಫೆಸರ್, 1996ರ ಆಗಸ್ಟಲ್ಲಿ ಲೇಟೆಕ್ಸ್ ಗ್ಲೌಸ್ ಮೇಲೆ ಡೈಮೀಥೈಲ್ ಮರ್ಕ್ಯುರಿ ಅನ್ನೋ ಪಾದರಸದ ವಿಷ ಒಂದೆರಡು ಹನಿ ಬಿತ್ತು, ಗ್ಲೌಸ್ ದಾಟಿ ಒಳಗೆ ಹೋಯ್ತು, ತಿಂಗಳುಗಟ್ಟಲೆ ಏನೂ ಗೊತ್ತಾಗಲಿಲ್ಲ, 1997ರ ಜೂನಲ್ಲಿ ತೀರಿಕೊಂಡ್ರು. ಅವ್ರು ವಿಷಲೋಹಗಳ ಬಗ್ಗೆಯೇ ಸಂಶೋಧನೆ ಮಾಡ್ತಿದ್ದವ್ರು, ಏನೂ ಗೊತ್ತಿಲ್ಲದವ್ರಲ್ಲ.

ಹುಡುಗರಾದ್ರೂ ಟ್ರೇನಿಂಗಿಗೆ ಬಂದು ಹಾಜರಿ ಹಾಕ್ತಾರೆ. ಕಸ ತೆಗೆಯೋವ್ರನ್ನ, ಅಟೆಂಡರ್‌ಗಳನ್ನ, ಸ್ಟೋರ್ಸಿನವ್ರನ್ನ ಯಾರೂ ಕರೆಯಲ್ಲ. ದೆಹಲಿಯ ಗುಜರಿ ಮಾರುಕಟ್ಟೆ ಮಾಯಾಪುರಿಯ ಕತೆ ನೆನಪಿದೆಯಾ? ದೆಹಲಿ ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ವಿಭಾಗದಲ್ಲಿ 1985ರಿಂದ ಬಳಸದೆ ಬಿದ್ದಿದ್ದ ಗಾಮಾ ಯಂತ್ರ 2010ರಲ್ಲಿ ಹಳೇ ಸಾಮಾನಿನ ಜೊತೆ ಹರಾಜಾಯ್ತು, ಒಳಗೆ ವಿಕಿರಣ ಸೂಸೋ ಕೋಬಾಲ್ಟ್-60 ಇದೆ ಅನ್ನೋದು ಗುಜರಿಯವ್ರಿಗೆ ಹೇಗೆ ಗೊತ್ತಾಗಬೇಕು, ಸೀಸ ಸಿಗತ್ತೆ ಅಂತ ಬಿಚ್ಚಿದ್ರು, ಒಬ್ರು ತುಂಡನ್ನ ಪರ್ಸಲ್ಲಿ ಇಟ್ಕೊಂಡಿದ್ರು. ಒಬ್ರು ಸತ್ರು, ಹಲವರು ಆಸ್ಪತ್ರೆ ಸೇರಿದ್ರು.

ಅದಕ್ಕೇ ಈಗ ಹೌಸ್‌ಕೀಪಿಂಗ್‌ನವ್ರಿಗೆ ಬೇರೆ ಕ್ಲಾಸ್ ಮಾಡ್ತೀನಿ, ಕನ್ನಡದಲ್ಲೇ, ಟೀ ಟೈಮಲ್ಲಿ, ಲ್ಯಾಬಿನ ಹೊರಗೆ. ಮೊದಲ ಸಲ ವಿಕಿರಣ ಎಚ್ಚರಿಕೆಯ ಮೂರು ರೆಕ್ಕೆಯ ಗುರುತು ತೋರಿಸಿ ಇದು ಇದ್ರೆ ಮುಟ್ಟಬೇಡಿ ಅಂದೆ. ಹಿಂದೆ ಕೂತಿದ್ದ ಒಬ್ರು ಅಂದ್ರು, "ಮೇಡಂ, ಆ ಫ್ಯಾನ್ ಸ್ಟಿಕ್ಕರ್ ದಿನಾ ಮಾಮೂಲಿ ಕಸದಲ್ಲೇ ಬರ್ತದಲ್ಲ, ಹಂಗಾದ್ರೆ ನಾನು ಕಸಾನೇ ಎತ್ತಂಗಿಲ್ವಾ?"

ಹೋಗಿ ಬುಟ್ಟಿ ನೋಡಿದೆ. ಖಾಲಿ ಡಬ್ಬ, ಹರಿದ ಟೇಪು, ಎಲ್ಲಾದ್ರ ಮೇಲೂ ಆ ಗುರುತು. ಫಾಸ್ಫರಸ್-32 ಕಸವನ್ನ ನಾವು ಹತ್ತು ಅರ್ಧಾಯು (ವಿಕಿರಣ ಅರ್ಧಕ್ಕೆ ಇಳಿಯೋ ಅವಧಿ) ಇಟ್ಕೊಳ್ತೀವಿ, ಅಂದ್ರೆ 143 ದಿನ, ಆಗ ಸಾವಿರದಲ್ಲಿ ಒಂದು ಪಾಲು ಉಳಿಯತ್ತೆ, ಕೌಂಟರ್ ಹಿಡಿದು ನೋಡಿ ಎಸೀತೀವಿ, ಅಷ್ಟೆಲ್ಲ ಸರಿ, ಆದ್ರೆ ಎಸೆಯೋ ಮುಂಚೆ ಸ್ಟಿಕ್ಕರ್ ಕಿತ್ತು ಚೂರು ಮಾಡಬೇಕು ಅನ್ನೋದನ್ನ ಯಾರೂ ಮಾಡ್ತಿರಲಿಲ್ಲ. ಒಬ್ಬ ಪುಣ್ಯಾತ್ಮ ತನ್ನ ಸ್ಟೂಲ್ ಬೇರೆಯವ್ರು ತಗೊಂಡು ಹೋಗದಿರಲಿ ಅಂತ ಅದಕ್ಕೂ ಅಂಟಿಸಿದ್ದ.

ಆ ವಾರ ಸ್ಟಿಕ್ಕರ್ ರೋಲ್ ಬೀರುವಿಗೆ ಹಾಕಿ ಬೀಗ ಜಡಿದೆ, ಈಗ ಎಣಿಸಿ ಕೊಡ್ತೀನಿ, ಸೈನ್ ಹಾಕಿ ತಗೋಬೇಕು. ಮಾಮೂಲಿ ಕಸದಲ್ಲಿ ಫ್ಯಾನ್ ಕಂಡ್ರೆ ಬುಟ್ಟಿ ಅಲ್ಲೇ ಬಿಟ್ಟು ನನಗೆ ಫೋನ್ ಮಾಡಿ ಅಂತ ಆ ಅಕ್ಕನಿಗೆ ನಂಬರ್ ಕೊಟ್ಟಿದ್ದೀನಿ. ಮೊದಲ ತಿಂಗಳು ನಾಲ್ಕು ಸಲ ಫೋನ್ ಬಂತು, ನಾಲ್ಕೂ ಸಲ ಬೆಳಗ್ಗೆ ಏಳಕ್ಕೆ ಮುಂಚೆ.