ಬ್ರೂಚಿನೊಳಗಿನ ಕೂದಲು ಯಾರದು?

ಪ್ರಶ್ನೆ: ಇಂಗ್ಲೆಂಡಿನಲ್ಲಿ ನೆಲೆಸಿರುವ ನನ್ನ ಮಗಳಿಗೆ ಅವಳ ಅತ್ತೆ ತಮ್ಮ ಮನೆತನದ ಹಳೆಯ ಬ್ರೂಚ್ (ಉಡುಗೆಗೆ ಪಿನ್ನಿನಿಂದ ಸಿಕ್ಕಿಸುವ ಆಭರಣ) ಒಂದನ್ನು ಕೊಟ್ಟಿದ್ದಾರೆ. ಚಿನ್ನದ ಅಂಚಿಗೆ ಕಪ್ಪು ಎನಾಮಲ್, ಅಂದರೆ ಗಾಜಿನಂಥ ಬಣ್ಣದ ಲೇಪ, ನಡುವೆ ಗಾಜಿನ ಕೆಳಗೆ ಹೆಣೆದ ಕೂದಲು. ಅದು ಸತ್ತವರ ಕೂದಲೇ? ಅದನ್ನು ಧರಿಸಬಹುದೇ?

ಉತ್ತರ: ಕೂದಲೊಂದನ್ನೇ ನೋಡಿ ಸತ್ತವರದು ಎನ್ನಲಾಗದು. ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ಪ್ರೇಮಿಗಳು, ಗೆಳತಿಯರು, ತಾಯಿ ಮಕ್ಕಳು ಬದುಕಿರುವಾಗಲೇ ಕೂದಲಿನ ಎಳೆ ಕತ್ತರಿಸಿ ಕೊಡುತ್ತಿದ್ದರು. ಕೂದಲು ಬಹುಕಾಲ ಕೊಳೆಯದು. ಒಬ್ಬರ ಮೈಯಿಂದ ಬಂದು ಇನ್ನೊಬ್ಬರ ಬಳಿ ಉಳಿಯಬಲ್ಲದ್ದು ಅದು. ಆದರೆ ಕಪ್ಪು ಎನಾಮಲ್ ಇದೆ ಎಂದಿರಿ. ಆ ಎನಾಮಲ್ ಮೇಲೆ ‘ಇನ್ ಮೆಮೊರಿ ಆಫ್’ (ಇವರ ನೆನಪಿಗಾಗಿ) ಎಂದು ಕೆತ್ತಿದ್ದರೆ ಅದು ಶೋಕಾಭರಣವೇ. ಬ್ರೂಚನ್ನು ತಿರುಗಿಸಿ ನೋಡಲು ಹೇಳಿ. ಹೆಸರು, ತೀರಿಕೊಂಡ ದಿನ, ವಯಸ್ಸು ಸಾಮಾನ್ಯವಾಗಿ ಹಿಂಬದಿಯಲ್ಲಿರುತ್ತವೆ. ಬಿಳಿ ಎನಾಮಲ್ ಇದ್ದರೆ ಮಗುವೋ ಮದುವೆಯಾಗದವರೋ ತೀರಿಕೊಂಡಿರಬಹುದು. ಸಣ್ಣ ಮುತ್ತುಗಳು ಕಣ್ಣೀರಿನ ಗುರುತು.

ತೀರಿಕೊಂಡವರ ನೆನಪಿಗೆ ಆಭರಣ ಧರಿಸುವ ಈ ವಾಡಿಕೆ ವಿಕ್ಟೋರಿಯಾ ರಾಣಿಯಿಂದ ಹುಟ್ಟಿದ್ದಲ್ಲ. 1616ರಲ್ಲಿ ತೀರಿಕೊಂಡ ಶೇಕ್ಸ್‌ಪಿಯರ್ ತನ್ನ ಮೂವರು ಸಹನಟರು ಉಂಗುರ ಕೊಳ್ಳಲೆಂದು ಉಯಿಲಿನಲ್ಲಿ ಹಣ ಬಿಟ್ಟಿದ್ದ. 1649ರಲ್ಲಿ ದೊರೆ ಒಂದನೆಯ ಚಾರ್ಲ್ಸ್‌ನ ಶಿರಚ್ಛೇದವಾದ ಮೇಲೆ ಅವನ ನಿಷ್ಠರು ಅವನ ಚಿತ್ರವಿದ್ದ ಉಂಗುರಗಳನ್ನು ಧರಿಸಿದರು. ಆದರೆ 1861ರ ಡಿಸೆಂಬರ್ 14ರಂದು ಪತಿ ಆಲ್ಬರ್ಟ್ ತೀರಿಕೊಂಡ ಬಳಿಕ ವಿಕ್ಟೋರಿಯಾ 1901ರಲ್ಲಿ ತಾನು ಸಾಯುವವರೆಗೂ ಕಪ್ಪು ಬಿಡಲಿಲ್ಲ. ಅರಮನೆಯ ದುಃಖ ಇಡೀ ದೇಶದ ಉಡುಗೆಯಾಯಿತು. ಯಾರ್ಕ್‌ಷೈರ್ ಕರಾವಳಿಯ ವಿಟ್ಬಿ ಊರಿನ ಕುಶಲಕರ್ಮಿಗಳಿಗೆ ಕೈತುಂಬ ಕೆಲಸ ಸಿಕ್ಕಿತು. ಶೋಕಾಭರಣಕ್ಕಾಗಿ ಅವರು ಕೆತ್ತುತ್ತಿದ್ದ ‘ಜೆಟ್’ ಎಂಬ ಕಪ್ಪು ವಸ್ತು ಕಲ್ಲಲ್ಲ. ಸುಮಾರು 18 ಕೋಟಿ ವರ್ಷಗಳ ಹಿಂದಿನ ಮರ ನೆಲದಡಿ ಒತ್ತಡಕ್ಕೆ ಸಿಲುಕಿ ಕಪ್ಪಾದದ್ದು. ಕೈಗೆ ಹಗುರ, ಬೆಚ್ಚಗೆ. ತಣ್ಣಗೆ, ಭಾರವಾಗಿ ಇದ್ದರೆ ಅದು ‘ಫ್ರೆಂಚ್ ಜೆಟ್’ ಎಂಬ ಕಪ್ಪು ಗಾಜು. ಕಾಲ ಕಳೆದಂತೆ ಕಂದುಬಣ್ಣಕ್ಕೆ ತಿರುಗಿದ್ದರೆ ವಲ್ಕನೈಟ್, ಅಂದರೆ ಗಂಧಕ ಬೆರೆಸಿ ಗಟ್ಟಿ ಮಾಡಿದ ರಬ್ಬರ್. ಬಡವರೂ ಶೋಕ ಆಚರಿಸಬೇಕಿತ್ತಲ್ಲ, ಅವರಿಗಾಗಿ ಇವು ಬಂದವು. ಹಾಗಾಗಿ ಅಗ್ಗದ್ದು ಎಂದು ಇವನ್ನು ಕಡೆಗಣಿಸುವುದನ್ನು ನಾನು ಒಪ್ಪುವುದಿಲ್ಲ.

ಕೂದಲಿನ ಕೆಲಸಕ್ಕೆ ಇನ್ನೊಂದು ಕಥೆಯಿದೆ. ಅಂಗಡಿಗೆ ಕೊಟ್ಟ ಕೂದಲಿನ ಬದಲು ಬೇರೆಯವರ ಕೂದಲು ಕೂರಿಸಿ ಕೊಡುತ್ತಾರೇನೋ ಎಂಬ ಅನುಮಾನ ಆ ಕಾಲದಲ್ಲಿ ಬಲವಾಗಿತ್ತು. ಅದಕ್ಕಾಗಿ ಎಷ್ಟೋ ಹೆಂಗಸರು ಮನೆಯಲ್ಲೇ ಹೆಣೆಯುವುದನ್ನು ಕಲಿತರು. ತಾಯಿಯೊಬ್ಬಳು ತೀರಿಕೊಂಡ ಮಗಳ ಕೂದಲನ್ನು ತಾನೇ ತೊಳೆದು, ಎಳೆ ಬಿಡಿಸಿ, ಹೆಣೆಯುವ ಆ ಗಂಟೆಗಳನ್ನು ನೆನೆದರೆ ನನ್ನ ಗಂಟಲು ಕಟ್ಟುತ್ತದೆ. ಮೊದಲ ಮಹಾಯುದ್ಧದಲ್ಲಿ ಮನೆಮನೆಯಲ್ಲೂ ಸಾವಾದಾಗ ಇಂಥ ವಿಸ್ತಾರವಾದ ಶೋಕಾಚರಣೆ ನಡೆಸುವುದು ಕಷ್ಟವಾಗಿ, ಈ ಆಭರಣಗಳೂ ಹಿಂದೆ ಸರಿದವು.

ಇನ್ನು ಧರಿಸುವ ಮಾತು. ಉದುರಿದ ಕೂದಲನ್ನೇ ಮನೆಯೊಳಗೆ ಬಿಡದವರು ನಾವು. ನಿಮ್ಮ ಅಳುಕು ನನಗೆ ಅರ್ಥವಾಗುತ್ತದೆ. ಆದರೆ ಅಲ್ಲಿ ಇದು ಸೂತಕದ ವಸ್ತುವಲ್ಲ, ಎದೆಯ ಮೇಲೆ ಧರಿಸಲೆಂದೇ ಮಾಡಿಸಿದ್ದು. ಬೇರೆ ಮನೆಯಿಂದ ಬಂದ ಸೊಸೆಗೆ ಅದನ್ನು ಒಪ್ಪಿಸಿದ್ದಾರೆಂದರೆ ಅವಳನ್ನು ತಮ್ಮವಳೆಂದು ಎಣಿಸಿದ್ದಾರೆ. ಧರಿಸಲು ಮನಸ್ಸಿಲ್ಲದಿದ್ದರೆ ಜೋಪಾನವಾಗಿ ಇಟ್ಟುಕೊಂಡರೂ ಸಾಕು. ಅಜ್ಜಿಯ ಬಳೆ ಕರಗಿಸಿ ಮೊಮ್ಮಗಳಿಗೆ ಸರ ಮಾಡಿಸುವುದು ನಮ್ಮಲ್ಲಿ ಸಹಜ. ಇದನ್ನು ಮಾತ್ರ ದಯವಿಟ್ಟು ಕರಗಿಸಬೇಡಿ, ಇದರಲ್ಲಿರುವ ಚಿನ್ನ ಅಲ್ಪ.

ಅಂಟುವಾಳದ ನೀರಿನಲ್ಲಿ ನೆನೆಸುವುದೂ ಬೇಡ. ಗಾಜಿನ ಅಂಚಿನಿಂದ ತೇವ ನುಸುಳಿದರೆ ಕೂದಲು ಹಾಳಾಗುತ್ತದೆ. ಒಣಗಿದ ಮೆತ್ತನೆಯ ಬಟ್ಟೆಯಿಂದ ಒರೆಸಿದರೆ ಸಾಕು. ಗಾಜು ತೆಗೆದು ಒಳಗೆ ಶುಚಿ ಮಾಡುತ್ತೇವೆ ಎನ್ನುವ ಅಂಗಡಿಯವರಿಗೆ ಕೊಡಬೇಡಿ.

ಮೊದಲು ಆಗಬೇಕಾದ ಕೆಲಸ ಬೇರೆಯೇ ಇದೆ. ಆ ಕೂದಲು ಯಾರದೆಂದು ಮಗಳು ಅತ್ತೆಯವರನ್ನು ಈಗಲೇ ಕೇಳಿ, ಬರೆದು, ಚೀಟಿಯನ್ನು ಬ್ರೂಚಿನ ಪೆಟ್ಟಿಗೆಯಲ್ಲೇ ಇಡಲಿ. ಅವರಿಗೂ ನೆನಪಿಲ್ಲವಾದರೆ ಹಿಂಬದಿಯ ಹೆಸರು, ದಿನಾಂಕಗಳೇ ಆಧಾರ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1837ರ ಜುಲೈನಿಂದ ಸಾವಿನ ನೋಂದಣಿಯಿದೆ. ಶುಲ್ಕ ಕಟ್ಟಿದರೆ ಪ್ರಮಾಣಪತ್ರದ ಪ್ರತಿ ಸಿಗುತ್ತದೆ. ತೀರಿಕೊಂಡ ಊರು, ಉದ್ಯೋಗ, ಸಾವಿನ ಕಾರಣ ಅದರಲ್ಲಿರುತ್ತವೆ.