ಹಿಂದಿನ ಭಾರ ಮುಂದೆ ಬರಲು ಹೊರಟರೆ

ಮೊನ್ನೆ ಜಯನಗರದ ಒಂದು ಸೂಪರ್ ಮಾರ್ಕೆಟ್‌ನಲ್ಲಿ ನನ್ನ ಮಗಳು ಟ್ರಾಲಿಯನ್ನು ಹಿಂಭಾಗ ಮುಂದಾಗುವಂತೆ ತಿರುಗಿಸಿ ಜೋರಾಗಿ ತಳ್ಳಿ ಕೈಬಿಟ್ಟಳು. ಒಳಗೆ 10 ಕೆಜಿ ಅಕ್ಕಿ ಚೀಲ. ಎರಡು ಹೆಜ್ಜೆ ನೆಟ್ಟಗೆ ಹೋಯಿತು. ಆಮೇಲೆ ಸ್ವಲ್ಪ ಓರೆಯಾಯಿತು, ಇನ್ನಷ್ಟು ಓರೆಯಾಯಿತು, ಗಿರ್ರನೆ ತಿರುಗಿ ಬಿಸ್ಕೆಟ್ ಪೊಟ್ಟಣಗಳ ಸಾಲಿಗೆ ಗುದ್ದಿತು. "ಇನ್ನೊಂದ್ಸಲ ಮಾಡು ಪುಟ್ಟಾ" ಅಂದೆ.

ಬಾಲದ ಕೆಳಗೆ ಪುಟ್ಟ ಚಕ್ರವಿರುವ, ಅಂದರೆ ಬಾಲಚಕ್ರದ ಸಣ್ಣ ವಿಮಾನ ಇಳಿದ ಮೇಲೆ ದಿಕ್ಕು ತಪ್ಪುವುದೂ ಹೀಗೆಯೇ. ಪೈಲಟ್‌ಗಳು ಇದಕ್ಕೆ ಗ್ರೌಂಡ್ ಲೂಪ್ ಅನ್ನುತ್ತಾರೆ. ಕೇಳಿದರೆ ಜನ ಗಾಳಿಯನ್ನು ದೂರುತ್ತಾರೆ. ಗ್ರಹಚಾರ, ದೃಷ್ಟಿ ಅನ್ನುವವರೂ ಇದ್ದಾರೆ. ನನಗೆ ಇದು ನಿಜಕ್ಕೂ ಬೇಸರದ ವಿಷಯ. ಗಾಳಿ ಶುರು ಮಾಡಿಕೊಡಬಹುದು, ಅಷ್ಟೇ. ವಿಮಾನವನ್ನು ತಿರುಗಿಸಿಬಿಡುವುದು ಅದರದೇ ಭಾರ.

ಆ ಟ್ರಾಲಿಯ ಹಿಂದಿನ ಎರಡು ಚಕ್ರ ಪಕ್ಕಕ್ಕೆ ತಿರುಗುವುದಿಲ್ಲ, ಮುಂದಿನವು ಎತ್ತ ಬೇಕಾದರೂ ತಿರುಗುತ್ತವೆ. ಹಿಂಭಾಗ ಮುಂದೆ ಮಾಡಿ ತಳ್ಳಿದಾಗ ತಿರುಗದ ಚಕ್ರಗಳು ಮುಂದಾದವು, ಅಕ್ಕಿಯ ಭಾರ ಅವುಗಳ ಹಿಂದೆ ಉಳಿಯಿತು. ಬಾಲಚಕ್ರದ ವಿಮಾನದಲ್ಲೂ ದೊಡ್ಡ ಚಕ್ರಗಳೆರಡು ಮುಂದೆ, ಭಾರದ ಕೇಂದ್ರ ಅವುಗಳ ಹಿಂದೆ. ಮೂತಿ ಒಂದಿಷ್ಟು ಎಡಕ್ಕೆ ತಿರುಗಿತು ಅಂದುಕೊಳ್ಳಿ. ಭಾರ ಮಾತ್ರ ಹಳೆಯ ದಾರಿಯಲ್ಲೇ ನುಗ್ಗುತ್ತದೆ. ಟೈರುಗಳು ನೆಲ ಕಚ್ಚಿ ಎಡಕ್ಕೆ ಎಳೆಯುತ್ತವೆ. ಆ ಎಳೆತ ಬೀಳುವುದು ಭಾರದ ಕೇಂದ್ರಕ್ಕಿಂತ ಮುಂದೆ, ಹಾಗಾಗಿ ಮೂತಿ ಇನ್ನೂ ಎಡಕ್ಕೆ ಹೋಗುತ್ತದೆ. ಎಳೆತ ಇನ್ನೂ ಜಾಸ್ತಿ. ಹಗ್ಗವನ್ನು ಎಳೆದರೆ ನೆಟ್ಟಗೆ ಬರುತ್ತದೆ, ತಳ್ಳಿದರೆ ಮಡಚಿಕೊಳ್ಳುತ್ತದೆ ಅಲ್ವಾ? ಇಲ್ಲೂ ಹಿಂದಿನ ಭಾರ ಮುಂದಿನ ಚಕ್ರಗಳನ್ನು ತಳ್ಳುತ್ತಿದೆ. ಕೊನೆಗೆ ಹೊರಬದಿಯ ರೆಕ್ಕೆಯ ತುದಿ ನೆಲಕ್ಕೆ ತಾಗುತ್ತದೆ, ಕೆಲವೊಮ್ಮೆ ಚಕ್ರದ ಕಾಲೇ ಮುರಿಯುತ್ತದೆ. ಮೂತಿಚಕ್ರ ಇರುವ ಸೆಸ್ನಾ 172ರಲ್ಲಿ ದೊಡ್ಡ ಚಕ್ರಗಳು ಭಾರದ ಹಿಂದಿರುತ್ತವೆ. ಅಲ್ಲಿ ಅದೇ ಎಳೆತ ಮೂತಿಯನ್ನು ವಾಪಸ್ ನೆಟ್ಟಗೆ ಮಾಡುತ್ತದೆ.

ಹಾಗಿದ್ದರೆ ಬಾಲಚಕ್ರ ಯಾಕೆ ಇಟ್ಟರು? ಮೊದಲಿನ ದಿನಗಳಲ್ಲಿ ವಿಮಾನಗಳು ಇಳಿಯುತ್ತಿದ್ದದ್ದು ಹುಲ್ಲು, ಮಣ್ಣಿನ ಮೈದಾನಗಳಲ್ಲಿ. ಮೂತಿ ಮೇಲಿದ್ದರೆ ಪ್ರೊಪೆಲ್ಲರ್ ನೆಲದಿಂದ ದೂರ ಉಳಿಯುತ್ತದೆ, ಪುಟ್ಟ ಬಾಲಚಕ್ರ ಹಗುರವೂ ಹೌದು. ನಮ್ಮ ಬೆಂಗಳೂರಿಗೆ ಇದು ಹೊರಗಿನ ಕಥೆಯಲ್ಲ. 1940ರಲ್ಲಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದ ಜೊತೆಗೂಡಿ ಇಲ್ಲಿ ವಿಮಾನ ಕಾರ್ಖಾನೆ ಶುರು ಮಾಡಿದರು, ಅದೇ ಇಂದಿನ ಎಚ್‌ಎಎಲ್. ಅಲ್ಲಿ ವಿ.ಎಂ. ಘಾಟಗೆ ಅವರ ತಂಡ ರೂಪಿಸಿದ ಎಚ್‌ಟಿ-2 1951ರಲ್ಲಿ ಹಾರಿತು. 1958ರಲ್ಲಿ ಪುಷ್ಪಕ್ ಬಂತು. ಎರಡೂ ಬಾಲಚಕ್ರದವೇ. ಎಚ್‌ಟಿ-2ರ ಫೋಟೋ ನೋಡಿ: ಮೂತಿ ಆಕಾಶಕ್ಕೆ, ಬಾಲ ನೆಲಕ್ಕೆ. ವಾಯುಪಡೆಯ ಎಷ್ಟೋ ಹುಡುಗರು ಹಾರಲು ಕಲಿತದ್ದು ಇದರಲ್ಲೇ.

ಇಳಿದ ಮೇಲೆ ವೇಗ ಕಡಿಮೆಯಾದರೆ ಅಪಾಯ ಮುಗಿಯಿತು ಅನ್ನುವುದು ಇನ್ನೊಂದು ತಪ್ಪು ತಿಳಿವಳಿಕೆ. ದಿಕ್ಕು ತಿದ್ದಲು ಪೈಲಟ್ ಕಾಲಿನ ಪೆಡಲ್ ಒತ್ತಿ ಆಡಿಸುವ ಬಾಲದ ಹಲಗೆಯೇ ರಡ್ಡರ್. ಅದಕ್ಕೆ ಬಲ ಬರುವುದು ಅದರ ಮೇಲೆ ಹಾಯುವ ಗಾಳಿಯಿಂದ. ವೇಗ ಅರ್ಧಕ್ಕಿಳಿದರೆ ಆ ಬಲ ಸುಮಾರು ಕಾಲುಭಾಗಕ್ಕೆ ಇಳಿಯುತ್ತದೆ. ಭಾರವೇನೂ ಕರಗುವುದಿಲ್ಲ, ಟೈರಿನ ಹಿಡಿತವೂ ಹಾಗೇ ಇರುತ್ತದೆ. ಅದಕ್ಕೇ ಪಳಗಿದವರು ಬಾಲವನ್ನು ಏರಿಳಿಸುವ ಕೈಹಿಡಿ, ಅಂದರೆ ಸ್ಟಿಕ್ ಅನ್ನು ಹೊಟ್ಟೆಯ ಹತ್ತಿರಕ್ಕೆ ಎಳೆದೇ ಹಿಡಿದಿರುತ್ತಾರೆ. ಬಾಲಚಕ್ರ ನೆಲಕ್ಕೆ ಒತ್ತಿಕೊಂಡು ಒಂದಿಷ್ಟು ಹಿಡಿತ ಕೊಡುತ್ತದೆ.

ಅಂಗೈ ಮೇಲೆ ಕೋಲು ನಿಲ್ಲಿಸಿ ನೋಡಿ. ಅದು ಪೂರ್ತಿ ವಾಲುವವರೆಗೆ ಕಾದರೆ ಕೈ ಎಷ್ಟು ಓಡಿಸಿದರೂ ಬೀಳುತ್ತದೆ. ಮೂತಿ ಒಂದು ಕೂದಲೆಳೆಯಷ್ಟು ಅಲುಗಿದಾಗಲೇ ಪೈಲಟ್ ಎಡ ಪೆಡಲ್ ಒತ್ತಿ ಬಿಡುತ್ತಾನೆ, ಬಲ ಪೆಡಲ್ ಒತ್ತಿ ಬಿಡುತ್ತಾನೆ. ಒತ್ತಿ ಹಿಡಿದರೆ ವಿಮಾನ ಆ ಕಡೆಗೇ ತಿರುಗಲು ಶುರು ಮಾಡುತ್ತದೆ. ವಿಮಾನ ಪೂರ್ತಿ ನಿಲ್ಲುವವರೆಗೂ ಆ ಎರಡು ಕಾಲುಗಳು ಸುಮ್ನೆ ಇರುವುದಿಲ್ಲ.